ಗೊಂಬೆ ಎತ್ತಿಡೋ ಮುನ್ನ ಒಂದ್ನಿಮಿಷ...

ನವರಾತ್ರಿಯ ಸಂಭ್ರಮ ಮುಗಿದ ಮೇಲೆ ಹಾಲ್‌ನಲ್ಲಿ ನಿಂತಿರೋ ಗೊಂಬೆ ಮೆಟ್ಟಿಲು ನೋಡಿದ್ರೆ ಸುಸ್ತಾಗುತ್ತೆ ಅಲ್ವಾ? ಕೂರಿಸುವಾಗ ಇದ್ದ ಉತ್ಸಾಹ ಎತ್ತಿಡುವಾಗ ಇರೋದಿಲ್ಲ. ಮಕ್ಕಳು ಸ್ಕೂಲಿಗೆ ಹೋದರು, ಮನೆಯವರು ಆಫೀಸಿಗೆ ಹೋದರು. ನೀವೊಬ್ಬರೇ ಹಳೇ ಪೇಪರ್ ಗುಡ್ಡೆ ಮುಂದೆ ಕೂತು, ಬೇಗ ಬೇಗ ಸುತ್ತಿ, ಪ್ಲಾಸ್ಟಿಕ್ ಕವರಿಗೆ ತುಂಬಿ, ಟ್ರಂಕಿಗೆ ಹಾಕಿ, ಅಟ್ಟಕ್ಕೆ ಏರಿಸಿಬಿಟ್ರೆ ಮುಂದಿನ ವರ್ಷದವರೆಗೆ ಯೋಚನೆ ಇಲ್ಲ.

ನಾನೂ ಹಾಗೇ ಅಂದುಕೊಂಡಿದ್ದೆ. ಮದುವೆಯಲ್ಲಿ ಅಮ್ಮ ಒಂದು ಜೋಡಿ ಪಟ್ಟದ ಗೊಂಬೆ ಕೊಟ್ಟಿದ್ದಳು. ಅವಳಿಗೆ ಅವಳ ಅಮ್ಮ ಕೊಟ್ಟಿದ್ದಂತೆ. ಮದುವೆಯಾದ ಎರಡನೇ ವರ್ಷ, ಬೆಂಗಳೂರಿನ ಬಾಡಿಗೆ ಮನೆ. ವಿಜಯದಶಮಿ ಮಾರನೇ ದಿನ ಬೆಳಗಿನಿಂದ ಜಿಟಿಜಿಟಿ ಮಳೆ. ಸಂಜೆ ಊರಿಗೆ ಹೊರಡೋ ಗಡಿಬಿಡಿ. ರಾಜ-ರಾಣಿಯನ್ನ ನ್ಯೂಸ್ ಪೇಪರಲ್ಲಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಕವರ್ ಕಟ್ಟಿ, ಬಚ್ಚಲ ಮನೆ ಮೇಲಿನ ಅಟ್ಟಕ್ಕೆ ಹಾಕಿದೆ. ಮುಂದಿನ ಮಹಾಲಯ ಅಮಾವಾಸ್ಯೆ ದಿನ ಬಿಚ್ಚಿ ನೋಡಿದ್ರೆ ಎದೆ ಧಸಕ್ಕೆಂದಿತು. ರಾಣಿಯ ಕುತ್ತಿಗೆ ಸುತ್ತ ಬಿಳಿ ಬೂಷ್ಟು. ರೇಷ್ಮೆ ಕುಪ್ಪಸ ಮುಟ್ಟಿದರೆ ಹರಿಯುವಂತಾಗಿತ್ತು. ಪೇಪರ್ ಅಂಟಿಕೊಂಡ ಎಡಗೆನ್ನೆ ಮೇಲೆ ಉಲ್ಟಾ ಅಕ್ಷರಗಳು ಅಚ್ಚೊತ್ತಿದ್ದವು! ಅಮ್ಮನಿಗೆ ಏನು ಹೇಳೋದು?

ಆ ಮೇಲೆ ಕಲಿತಿದ್ದನ್ನೇ ನಿಮಗೂ ಹೇಳ್ತೀನಿ. ಗೊಂಬೆ ಅಟ್ಟದ ಮೇಲೆ ಕೂತು ಕೂತು ಕೆಡುತ್ತೆ ಅಂತ ನಾವಂದುಕೊಳ್ತೀವಿ. ಆದರೆ ಕೆಡೋದಕ್ಕೆ ಶುರುವಾಗೋದು ನಾವು ಅವಸರದಲ್ಲಿ ಎತ್ತಿಟ್ಟ ಆ ಮಧ್ಯಾಹ್ನದಿಂದಲೇ.

ಥಂಡಿ ಬರೋದೆಲ್ಲಿಂದ?

ನಮ್ಮ ನವರಾತ್ರಿ ಬರೋ ಕಾಲವನ್ನೇ ನೋಡಿ. ಸೆಪ್ಟೆಂಬರ್, ಅಕ್ಟೋಬರ್ ಬೆಂಗಳೂರಿನಲ್ಲಿ ಜಾಸ್ತಿ ಮಳೆ ಬೀಳೋ ತಿಂಗಳುಗಳು. ಮುಂಗಾರು ಹಿಂದೆ ಸರೀತಿದ್ದಂತೆ ಹಿಂಗಾರು ಬರುತ್ತೆ. ನವೆಂಬರ್, ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಸೈಕ್ಲೋನ್ ಎದ್ದರೆ ನಮಗೂ ಮೋಡ, ತುಂತುರು, ಚಳಿ. ಅಂದರೆ ಗೊಂಬೆ ಎತ್ತಿಡೋ ಹೊತ್ತಿಗೆ ಸರಿಯಾಗಿ ಗಾಳಿಯಲ್ಲಿ ತೇವ ತುಂಬಿರುತ್ತೆ.

ಇದರ ಜೊತೆಗೆ ಒಂಬತ್ತು ದಿನ ಮನೆಯೊಳಗೇ ನಾವು ತೇವ ಸೇರಿಸಿರ್ತೀವಿ. ಗೊಂಬೆ ಪಕ್ಕ ಮಣ್ಣು ಹಾಸಿ, ರಾಗಿ, ಸಾಸಿವೆ ಚೆಲ್ಲಿ ಪಾರ್ಕ್ ಮಾಡಿ ದಿನಾ ನೀರು ಚಿಮುಕಿಸಿದ್ದೀವಿ. ಹೂವು ಏರಿಸಿದ್ದೀವಿ. ಬಿಸಿ ಉಸ್ಲಿ ನೈವೇದ್ಯ ಇಟ್ಟಿದ್ದೀವಿ. ಮಣ್ಣು, ಮರ, ಕಾಗದ, ಬಟ್ಟೆ ಎಲ್ಲವೂ ಈ ತೇವವನ್ನ ಸದ್ದಿಲ್ಲದೆ ಕುಡಿದಿರುತ್ತವೆ. ಕೈಗೆ ಒಣಗಿದ ಹಾಗೇ ಅನಿಸುತ್ತೆ. ಅದೇ ಸ್ಥಿತೀಲಿ ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಬಿಗಿದ್ರೆ ತೇವಕ್ಕೆ ಹೊರಗೆ ಹೋಗೋ ದಾರಿಯೇ ಇಲ್ಲ.

ಚಳಿಗಾಲ ಬಂತು ಅಂದ್ರೆ ತೊಂದರೆ ಇನ್ನೂ ಜಾಸ್ತಿ. ಫ್ರಿಜ್‌ನಿಂದ ತೆಗೆದ ನೀರಿನ ಲೋಟದ ಹೊರಮೈ ಬೆವರೋದನ್ನ ನೋಡಿರ್ತೀರಲ್ಲ? ಬೆಚ್ಚಗಿನ ಗಾಳಿ ಜಾಸ್ತಿ ನೀರಾವಿ ಹಿಡಿದಿಟ್ಟುಕೊಳ್ಳುತ್ತೆ, ತಣ್ಣಗಾದಾಗ ಬಿಟ್ಟುಬಿಡುತ್ತೆ. ರಾತ್ರಿ ಚಳಿಗೆ ಸ್ಟೀಲ್ ಟ್ರಂಕ್ ತಣ್ಣಗಾದಾಗ ಒಳಗಿನ ಗಾಳಿಯೂ ಹಾಗೇ ನೀರು ಬಿಡುತ್ತೆ. ಗಾಳಿಯ ತೇವಾಂಶ ಶೇ 65-70 ದಾಟಿ ಹಾಗೇ ನಿಂತರೆ ಬೂಷ್ಟು ಬೆಳೆಯೋದಕ್ಕೆ ಅಷ್ಟು ಸಾಕು. ಚಳಿಯೊಂದೇ ಇದ್ದರೆ ಗೊಂಬೆಗೆ ಅಷ್ಟು ತೊಂದರೆ ಇಲ್ಲ. ಚಳಿ, ತೇವ, ಗಾಳಿಯಾಡದ ಜಾಗ - ಈ ಮೂರೂ ಸೇರಬಾರದು, ಅಷ್ಟೇ.

ಒಂದು ಗೊಂಬೆ ಮಲಗಿಸಿ, ಉಳಿದವು ಕಾಯಲಿ

'ದಶಮಿ ಆದ ಮೇಲೆ ಗೊಂಬೆ ಇಡಬಾರದಲ್ಲ' ಅಂತ ನೀವು ಕೇಳಬಹುದು. ಎಷ್ಟೋ ಮನೆಗಳಲ್ಲಿ ವಿಜಯದಶಮಿ ರಾತ್ರಿ ಆರತಿ ಮಾಡಿ ಒಂದು ಗೊಂಬೆಯನ್ನ ಮಲಗಿಸೋ ಪದ್ಧತಿ ಇದೆ. ಅಲ್ಲಿಗೆ ಶಾಸ್ತ್ರ ಮುಗೀತು. ಉಳಿದವನ್ನ ಬಿಡುವಾದಾಗ ಎತ್ತಿಡ್ತಾರೆ. ಎಷ್ಟು ಒಳ್ಳೇ ಪದ್ಧತಿ ನೋಡಿ! ನಿಮ್ಮ ಮನೆ ಪದ್ಧತಿ ಬೇರೆ ಇದ್ದರೆ ಮೆಟ್ಟಿಲು ಬಿಚ್ಚಿಬಿಡಿ, ಆದರೆ ಗೊಂಬೆಗಳನ್ನ ತಕ್ಷಣ ಸುತ್ತಬೇಡಿ. ಒಂದು ರೂಮಿನಲ್ಲಿ ಟೇಬಲ್, ಮಂಚದ ಮೇಲೆ ಹಳೇ ಪಂಚೆ ಹಾಸಿ ಬಿಡಿ ಬಿಡಿಯಾಗಿ ನಿಲ್ಲಿಸಿ. ಫ್ಯಾನ್ ಸಣ್ಣಗೆ ತಿರುಗಲಿ. ಮೂರು ನಾಲ್ಕು ದಿನ ಹಾಗೇ ಇರಲಿ. ಮಳೆ ಬಿಟ್ಟು, ಚೆನ್ನಾಗಿ ಬಿಸಿಲು ಬಿದ್ದ ದಿನ, ಬೆಳಿಗ್ಗೆ ಹತ್ತು ಹನ್ನೊಂದರ ನಂತರ ಪ್ಯಾಕ್ ಮಾಡೋಕೆ ಕೂತ್ಕೊಳ್ಳಿ. ತೊಳೆದ ಬಟ್ಟೆ ಒಳಗೂ ಒಣಗುತ್ತೆ ಅನ್ನೋ ದಿನ ಗೊಂಬೆ ಎತ್ತಿಡೋದಕ್ಕೂ ಒಳ್ಳೇ ದಿನ.

ಬೇಗ ಒಣಗಲಿ ಅಂತ ಬಿಸಿಲಿಗೆ ಮಾತ್ರ ಇಡಬೇಡಿ. ಬಣ್ಣ ಮಾಸುತ್ತೆ, ಮರ ಸೀಳುತ್ತೆ. ಹೇರ್ ಡ್ರೈಯರ್ ಬಿಸಿಗಾಳಿಯೂ ಬೇಡ. ನೆರಳು ಮತ್ತು ಗಾಳಿ, ಎರಡೇ ಸಾಕು.

ಮೊದಲು ಧೂಳು, ಆಮೇಲೆ ಬಟ್ಟೆ

ಒದ್ದೆ ಬಟ್ಟೆ ಹಿಡ್ಕೊಂಡು ಒರೆಸೋ ಅಭ್ಯಾಸ ನಮಗೆಲ್ಲ ಇದೆ. ಗೊಂಬೆಗೆ ಅದು ಶತ್ರು. ಮೃದುವಾದ ಒಣ ಪೇಂಟ್ ಬ್ರಷ್ ಒಂದು ತಂದಿಟ್ಟುಕೊಳ್ಳಿ. ಮೇಲಿನಿಂದ ಕೆಳಕ್ಕೆ ಧೂಳು ಕೊಡವಿ. ಅರಿಶಿನ ಕುಂಕುಮ, ಹೂವಿನ ಎಸಳು, ಎಣ್ಣೆ ಜಿಡ್ಡು ಎಲ್ಲೆಲ್ಲಿ ಇದೆ ನೋಡಿ. ಶೆಟ್ಟರ ಅಂಗಡಿ ಮುಂದೆ ಇಟ್ಟಿದ್ದ ಅಕ್ಕಿ, ಬೇಳೆ, ಸಕ್ಕರೆ ಒಂದು ಕಾಳೂ ಉಳಿಯದ ಹಾಗೆ ತೆಗೀರಿ. ಇರುವೆ, ಜಿರಲೆ, ಇಲಿಗಳಿಗೆ ಆ ಒಂದು ಕಾಳೇ ಆಹ್ವಾನ ಪತ್ರಿಕೆ! ಲೈಟ್ ಹತ್ತೋ, ಹಾಡು ಹೇಳೋ ಗೊಂಬೆಗಳಿದ್ದರೆ ಬ್ಯಾಟರಿ ತೆಗೆದಿಡಿ. ಬ್ಯಾಟರಿ ಸೋರಿದರೆ ಗೊಂಬೆ ಮುಗೀತು. ಹಾಗೇ ಸೇಫ್ಟಿ ಪಿನ್, ಗುಂಡುಸೂಜಿ, ರಬ್ಬರ್ ಬ್ಯಾಂಡ್ ಬಿಚ್ಚಿ. ತೇವಕ್ಕೆ ಪಿನ್ ತುಕ್ಕು ಹಿಡಿದು ಸೀರೆಗೆ ಕಲೆ ಬೀಳುತ್ತೆ. ರಬ್ಬರ್ ಕರಗಿ ಬಣ್ಣಕ್ಕೆ ಅಂಟಿಕೊಳ್ಳುತ್ತೆ.

ಈಗ ಸುತ್ತೋ ಬಟ್ಟೆ. ನ್ಯೂಸ್ ಪೇಪರ್ ಬೇಡವೇ ಬೇಡ. ಅದರ ಶಾಯಿ ಗೊಂಬೆಗೆ ಹತ್ತುತ್ತೆ. ಆ ಕಾಗದದಲ್ಲಿರೋ ಆಮ್ಲದ ಅಂಶ ಕಾಲಕ್ರಮೇಣ ಬಟ್ಟೆ, ಬಣ್ಣ ಎರಡನ್ನೂ ಹಳದಿ ಮಾಡುತ್ತೆ. ಹಳೇ ಕಾಟನ್ ಸೀರೆ, ಪಂಚೆ, ಮಲ್ ಬಟ್ಟೆ ಎಲ್ಲಕ್ಕಿಂತ ಒಳ್ಳೇದು. ಆದರೆ ಗಂಜಿ ಹಾಕಿದ ಬಟ್ಟೆ ಆಗಬಾರದು. ಗಂಜಿ ಅಂದರೆ ಸಿಲ್ವರ್ ಫಿಶ್ ಹುಳಕ್ಕೆ ಹಬ್ಬದೂಟ. ಬರೀ ನೀರಿನಲ್ಲಿ ಎರಡು ಸಲ ಜಾಲಿಸಿ ಒಣಗಿಸಿ ಬಳಸಿ. ಕಡು ಬಣ್ಣದ ಬಟ್ಟೆಯೂ ಬೇಡ, ಬಣ್ಣ ಬಿಟ್ಟರೆ ಕಷ್ಟ. ಬಬಲ್ ರ‍್ಯಾಪ್ ಬಳಸಲೇಬೇಕು ಅಂದ್ರೆ ಬಟ್ಟೆ ಸುತ್ತಿದ ಮೇಲೆ, ಹೊರಗಡೆ. ನೇರ ಬಣ್ಣಕ್ಕೆ ತಾಗಿದ್ರೆ ಅದರ ಗುಳ್ಳೆ ಅಚ್ಚು ಬೀಳಬಹುದು.

ಒಂದೊಂದಕ್ಕೂ ಒಂದೊಂದು ಸ್ವಭಾವ

ಮಣ್ಣಿನ ಗೊಂಬೆ: ಸುಡದ ಹಸಿಮಣ್ಣಿನದಾದರೆ ತೇವಕ್ಕೆ ಮೆತ್ತಗಾಗಿ ಬಣ್ಣ ಹಕ್ಕಳೆ ಏಳುತ್ತೆ. ಸುಟ್ಟ ಮಣ್ಣು ಗಟ್ಟಿ, ಆದರೆ ಅದೂ ನೀರು ಹೀರುತ್ತೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಗೊಂಬೆಗಳ ಗುಣವೂ ಇದೇ. ತಲೆ, ಕೈ ಹಿಡಿದು ಎತ್ತಬೇಡಿ. ಒಂದು ಕೈ ಬುಡಕ್ಕೆ, ಒಂದು ಕೈ ಬೆನ್ನಿಗೆ. ಭಾರದವು ಬಾಕ್ಸಿನ ತಳಕ್ಕೆ, ಹಗುರದವು ಮೇಲೆ.

ಪಟ್ಟದ ಗೊಂಬೆ: ಉಡಿಸಿದ ಸೀರೆ, ಪಂಚೆ, ಪೇಟ, ಒಡವೆ ಎಲ್ಲ ಬಿಚ್ಚಿ ಬೇರೆ ಇಡಿ. ರೇಷ್ಮೆಯಲ್ಲಿ ತೇವ ನಿಂತರೆ ಮರಕ್ಕೂ ಇಳಿಯುತ್ತೆ. ಜರಿಯನ್ನ ಬಿಳಿ ಕಾಟನ್ ಬಟ್ಟೇಲಿ ಸುತ್ತಿಡಿ, ಮಡಿಕೆ ಒತ್ತಬೇಡಿ. ಮರದ ಮೇಲೆ ಸೂಜಿ ಮೊನೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹುಳ ಬಿದ್ದಿದೆ ಅಂತ ಅರ್ಥ. ಆ ಗೊಂಬೆಯನ್ನ ತಕ್ಷಣ ಬೇರೆ ಮಾಡಿ, ಇಲ್ಲದಿದ್ದರೆ ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತೆ.

ಚನ್ನಪಟ್ಟಣದ ಗೊಂಬೆ: ಆಲೆ ಮರದ ಗೊಂಬೆ ಲೇತ್ ಮೇಲೆ ತಿರುಗುತ್ತಿರುವಾಗ ಬಣ್ಣದ ಅರಗನ್ನು ಒತ್ತಿ ಹಿಡೀತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ. ಬಿಸಿಗೆ ಹತ್ತಿದ್ದು ಬಿಸಿಗೇ ಮೆತ್ತಗಾಗುತ್ತೆ. ಅದಕ್ಕೇ ಒಲೆ ಪಕ್ಕ, ಗೀಸರ್ ಪಕ್ಕ, ಬಿಸಿಲು ಕಾಯೋ ಶೀಟಿನ ಕೆಳಗೆ ಇವನ್ನ ಇಡಬಾರದು. ಒಣ ಬಟ್ಟೇಲಿ ಮೆಲ್ಲಗೆ ಒರೆಸಿದರೆ ಸಾಕು.

ಕಿನ್ನಾಳದ ಗೊಂಬೆ, ಕಾಗದದ ಗೊಂಬೆ: ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಹಗುರ ಮರಕ್ಕೆ ಹುಣಸೆ ಬೀಜದ ಅಂಟು ಬಳಸ್ತಾರೆ. ಕಾಗದದ ಗುಜ್ಜಿನ ಗೊಂಬೆಗಳಲ್ಲೂ ಅಂಟೇ ಪ್ರಧಾನ. ತೇವ ಬಂದರೆ ಈ ಅಂಟೇ ಹುಳಕ್ಕೆ, ಬೂಷ್ಟಿಗೆ ಊಟ. ಇವನ್ನ ಮನೆಯ ಅತ್ಯಂತ ಒಣ ಜಾಗದಲ್ಲಿಡಿ.

ಮಗಳ ಬಾರ್ಬಿ ಮತ್ತು ಬಟ್ಟೆ ಗೊಂಬೆ: ಈಗ ಮೆಟ್ಟಿಲ ಮೇಲೆ ಇವರಿಗೂ ಜಾಗ ಉಂಟಲ್ಲ! ಲೋಹದ ಓಲೆ, ಸರ ತೆಗೆದಿಡಿ. 1960ರ ದಶಕದ ಹಳೇ ಬಾರ್ಬಿಗಳಲ್ಲಿ ಓಲೆಯ ಲೋಹ ಕಿಲುಬಿ ಕಿವಿಯೇ ಹಸಿರಾಗೋದು ಸಂಗ್ರಹಕಾರರ ದೊಡ್ಡ ತಲೆನೋವು. ಕಡು ಕೆಂಪು, ಕಪ್ಪು ಡ್ರೆಸ್ ಬಣ್ಣ ಮೈಗೆ ಹತ್ತುತ್ತೆ, ಅದನ್ನೂ ಬಿಚ್ಚಿಡಿ. ಪ್ಲಾಸ್ಟಿಕ್ ಗೊಂಬೆಗಳನ್ನ ಒಂದಕ್ಕೊಂದು ತಾಗಿಸಿ ಇಡಬೇಡಿ.

ಡಬ್ಬ ಯಾವುದು, ಜಾಗ ಎಲ್ಲಿ?

ಇಲ್ಲಿ ಎರಡು ದಾರಿ ಇವೆ. ಎರಡನ್ನೂ ಬೆರೆಸೋಕೆ ಹೋಗಬೇಡಿ.

ಬೆಂಗಳೂರು, ಮೈಸೂರಿನಂಥ ಊರಿನ ಒಣ ಮನೆಯಾದರೆ ಗಟ್ಟಿಯಾದ ರಟ್ಟಿನ ಪೆಟ್ಟಿಗೆ ಅಥವಾ ಮರದ ಪೆಟ್ಟಿಗೆ ಸಾಕು. ಅದು ಸ್ವಲ್ಪ ಉಸಿರಾಡುತ್ತೆ. ಬಟ್ಟೆ ಸುತ್ತಿದ ಗೊಂಬೆಗಳನ್ನ ಜೋಡಿಸಿ, ನಡುವೆ ಬಟ್ಟೆ ಚೂರು ತುಂಬಿ, ಗಾಳಿಯಾಡೋ ಕಡೆ ಇಡಿ.

ಮಲೆನಾಡು, ಕರಾವಳಿ ಅಥವಾ ಗೋಡೆ ತೇವ ಹಿಡಿಯೋ ಮನೆ ನಿಮ್ಮದಾದರೆ ಹೊರಗಿನ ಗಾಳೀಲೇ ತೇವ ಇರೋದರಿಂದ ಉಸಿರಾಡೋ ಪೆಟ್ಟಿಗೆ ಪ್ರಯೋಜನವಿಲ್ಲ. ಬಿಗಿ ಮುಚ್ಚಳದ ಗಟ್ಟಿ ಪ್ಲಾಸ್ಟಿಕ್ ಡಬ್ಬ ತಗೊಳ್ಳಿ. ತಳದಲ್ಲಿ ತ್ರಿಕೋನದೊಳಗೆ 5 ಅಂತ ಇದ್ದರೆ ಒಳ್ಳೇದು. ಕಟು ವಾಸನೆಯ ಪಿವಿಸಿ ಕವರ್ ಬೇಡ. ಒಳಗೆ ಸಿಲಿಕಾ ಜೆಲ್ ಕಡ್ಡಾಯ. ಚಪ್ಪಲಿ ಬಾಕ್ಸಿನಲ್ಲಿ ಬರೋ ಸಣ್ಣ ಪೊಟ್ಟಣ ಸಾಲದು. ಅದು ನಿಮ್ಮ ಕೈಗೆ ಬರೋ ಹೊತ್ತಿಗೇ ಸಾಕಷ್ಟು ತೇವ ಕುಡಿದಿರುತ್ತೆ. ಬಣ್ಣ ಬದಲಾಯಿಸೋ ಜೆಲ್ ತಂದು, ತೆಳು ಬಟ್ಟೇಲಿ ಗಂಟು ಕಟ್ಟಿ ಡಬ್ಬದ ಮೂಲೆಗಳಲ್ಲಿಡಿ. ಬಣ್ಣ ಬದಲಾದರೆ ತುಂಬಿದೆ ಅಂತ. ಪ್ಯಾಕೆಟ್ ಮೇಲೆ ಹೇಳಿದ ಹಾಗೆ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು, ಅಡುಗೆ ಪಾತ್ರೇಲಿ ಮಾತ್ರ ಬೇಡ. ನೀಲಿ ಬಣ್ಣದ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತೆ, ಕಿತ್ತಳೆ ಬಣ್ಣದ್ದು ಕೇಳಿ ತಗೊಳ್ಳಿ. ಯಾವುದಾದರೂ ಮಕ್ಕಳ ಕೈಗೆ ಸಿಗಬಾರದು.

ಜೆಲ್ ಬದಲು ಅಕ್ಕಿ ಹಾಕ್ತೀನಿ ಅಂತೀರಾ? ತೇವ ಹೀರೋದು ಅಷ್ಟಕ್ಕಷ್ಟೇ, ಹುಳ ಬರೋದು ಗ್ಯಾರಂಟಿ.

ಜಾಗದ ವಿಷಯಕ್ಕೆ ಬಂದರೆ, ಓವರ್‌ಹೆಡ್ ಟ್ಯಾಂಕಿನ ಕೆಳಗಿನ ಅಟ್ಟ, ಬಚ್ಚಲ ಮೇಲಿನ ಲಾಫ್ಟ್, ಮಳೆ ಬಡಿಯೋ ಹೊರಗೋಡೆ ಬೇಡ. ಮನೆಯ ಒಳಗೋಡೆ ಕಡೆಯ ಬೀರು ಅಥವಾ ಮಂಚದ ಬಾಕ್ಸ್ ಎಷ್ಟೋ ವಾಸಿ. ನೆಲದ ಮೇಲೆ ನೇರ ಇಡದೆ ಎರಡು ಹಲಗೆ ಹಾಕಿ. ಗೋಡೆಯಿಂದ ಒಂದು ಗೇಣು ದೂರ ಇರಲಿ. ಸ್ಟೀಲ್ ಟ್ರಂಕ್ ಬಿಟ್ಟರೆ ಬೇರೆ ಇಲ್ಲ ಅಂದ್ರೆ ಒಳಗೆ ಸುತ್ತಲೂ ದಪ್ಪ ಕಾಟನ್ ಬಟ್ಟೆ ಹಾಸಿ, ಗೊಂಬೆ ತಗಡಿಗೆ ತಾಗಬಾರದು.

ನುಸಿ ಗುಳಿಗೆ ಹಾಕಬಹುದಾ?

ಹುಳಕ್ಕೆ ಸರಿ, ಬೂಷ್ಟಿಗೆ ಅದರಿಂದ ಉಪಯೋಗ ಇಲ್ಲ. ಇದನ್ನ ತುಂಬ ಜನ ತಪ್ಪು ತಿಳೀತಾರೆ. ನುಸಿ ಗುಳಿಗೆ ಗೊಂಬೆಗೆ ತಾಗಿದರೆ ಬಣ್ಣ ಕೆಡುತ್ತೆ, ಥರ್ಮೋಕೋಲ್ ಕರಗುತ್ತೆ. ಮನೇಲಿ ಹಸುಗೂಸು ಇದ್ದರಂತೂ ಬಳಸಲೇಬೇಡಿ, ಕೆಲವು ಮಕ್ಕಳಿಗೆ ಅದರ ವಾಸನೆಯಿಂದಲೇ ರಕ್ತದ ತೊಂದರೆ ಆಗಬಹುದು. ಅಜ್ಜಿಯರ ಕಾಲದ ಬಜೆ, ಲವಂಗ, ಬೇವಿನ ಸೊಪ್ಪು ಒಳ್ಳೇದೇ. ಬಟ್ಟೇಲಿ ಗಂಟು ಕಟ್ಟಿ ಪೆಟ್ಟಿಗೆ ಮೂಲೇಲಿಡಿ. ಬೇವಿನ ಸೊಪ್ಪು ಗರಿಗರಿ ಒಣಗಿರಬೇಕು. ಹಸಿ ಎಲೆ ಹಾಕಿದರೆ ನೀವೇ ತೇವ ತಂದು ತುಂಬಿದ ಹಾಗೆ!

ವರ್ಷಕ್ಕೆ ಎರಡು ಸಲ ಮುಖ ನೋಡಿ

ಎತ್ತಿಟ್ಟು ಮರೆತುಬಿಡೋದೇ ನಮ್ಮ ದೊಡ್ಡ ತಪ್ಪು. ಮಹಾಶಿವರಾತ್ರಿ ಹೊತ್ತಿಗೆ ಗಾಳಿ ಚೆನ್ನಾಗಿ ಒಣಗಿರುತ್ತೆ. ಒಂದು ಮಧ್ಯಾಹ್ನ ಪೆಟ್ಟಿಗೆ ತೆರೆದು, ಗೊಂಬೆಗಳಿಗೆ ಗಾಳಿ ತೋರಿಸಿ, ಬಟ್ಟೆ ಬದಲಾಯಿಸಿ. ಮತ್ತೆ ಮೇ ಕೊನೇಲಿ, ಮುಂಗಾರು ಶುರುವಾಗೋ ಮುಂಚೆ ಇನ್ನೊಂದು ಸಲ. ಮಳೆಗಾಲದ ಮಧ್ಯೆ ಮಾತ್ರ ಸುಮ್ಮನೆ ತೆರೆಯಬೇಡಿ. ತೇವ ಅಳೆಯೋ ಸಣ್ಣ ಡಿಜಿಟಲ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಬೀರುವಿನೊಳಗೆ ಇಟ್ಟರೆ ಶೇ 60 ದಾಟಿದ ಕೂಡಲೇ ನಿಮಗೇ ಗೊತ್ತಾಗುತ್ತೆ.

ಮಗಳು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಗೊಂಬೆ ಕೂರಿಸ್ತಾಳಾ? ಅವಳಿಗೊಂದು ಮಾತು ಹೇಳಿ. ಚಳಿಗಾಲದಲ್ಲಿ ಗರಾಜ್, ಬೇಸ್‌ಮೆಂಟ್ ಬೇಡ. ಹೀಟರ್ ಪಕ್ಕವೂ ಬೇಡ, ಅಲ್ಲಿ ಗಾಳಿ ತೀರಾ ಒಣಗಿ ಮರ ಸೀಳುತ್ತೆ. ಮಲಗೋ ಕೋಣೆಯ ಕ್ಲಾಸೆಟ್ ಒಳ್ಳೇದು. ಕೊರೆಯೋ ಚಳಿಯ ಜಾಗದಿಂದ ಪೆಟ್ಟಿಗೆ ಒಳಗೆ ತಂದರೆ ಒಂದು ದಿನ ಮುಚ್ಚೇ ಇಟ್ಟು ಆಮೇಲೆ ತೆರೀಲಿ. ತಕ್ಷಣ ತೆರೆದ್ರೆ ಗೊಂಬೆ ಬೆವರುತ್ತೆ.

ಬೂಷ್ಟು ಬಂದೇ ಬಿಟ್ಟಿದ್ದರೆ?

ಗಾಬರಿಯಾಗಿ ನೀರು, ವಿನೆಗರ್, ಬ್ಲೀಚ್ ಹಾಕಿ ಉಜ್ಜಬೇಡಿ. ನಾನು ಮಾಡಿದ ಎರಡನೇ ತಪ್ಪು ಅದೇ. ರಾಣಿಯ ಕೆನ್ನೆಯ ಅಕ್ಷರ ಅಳಿಸೋಕೆ ಒದ್ದೆ ಬಟ್ಟೇಲಿ ಉಜ್ಜಿದೆ, ಕೆನ್ನೆಯ ಬಣ್ಣವೇ ಎದ್ದುಬಂತು. ಮೊದಲು ಆ ಗೊಂಬೆಯನ್ನ ಬೇರೆ ಗೊಂಬೆಗಳಿಂದ ದೂರ ಮಾಡಿ, ಬಾಲ್ಕನಿ ನೆರಳಲ್ಲಿ ಒಣಗಲು ಬಿಡಿ. ಪೂರ್ತಿ ಒಣಗಿದ ಮೇಲೆ ಮೂಗಿಗೆ ಮಾಸ್ಕ್ ಹಾಕ್ಕೊಂಡು, ಮನೆಯಿಂದ ಹೊರಗೆ, ಮೃದು ಬ್ರಷ್‌ನಿಂದ ಕೊಡವಿ. ಆಸ್ತಮಾ ಇರೋರು ಈ ಕೆಲಸಕ್ಕೆ ಕೈ ಹಾಕಬೇಡಿ. ಸುತ್ತಿದ್ದ ಹಳೇ ಬಟ್ಟೆ, ರಟ್ಟು ಬಿಸಾಡಿ. ಬಣ್ಣದ ಹಕ್ಕಳೆ ಉದುರಿದ್ದರೆ ಒಂದು ಕವರಿನಲ್ಲಿ ಜೋಪಾನ ಮಾಡಿ. ಮನೇಲಿರೋ ಪೇಂಟ್ ಬಳಿದು 'ಸರಿ ಮಾಡೋ' ಆಸೆ ಬೇಡ. ಹಳೇ ಗೊಂಬೆಯಾದರೆ ಗೊಂಬೆ ಮಾಡುವ ಕುಶಲಕರ್ಮಿಗಳಿಗೇ ತೋರಿಸಿ.

ಮೈಸೂರು ಅರಮನೆಯ ಗೊಂಬೆ ತೊಟ್ಟಿಯಲ್ಲಿ ನೂರು ವರ್ಷ ದಾಟಿದ ಗೊಂಬೆಗಳು ಇವತ್ತಿಗೂ ನಿಂತಿವೆ. ಅರಮನೆ ಆಳುಕಾಳು ನಮಗಿಲ್ಲ ನಿಜ. ಆದರೆ ಒಂದು ಒಣ ದಿನಕ್ಕಾಗಿ ಕಾಯೋ ತಾಳ್ಮೆಗೆ ದುಡ್ಡು ಬೇಕಿಲ್ಲವಲ್ಲ.

ಅಂದ ಹಾಗೆ, ಆ ವರ್ಷ ಅಮ್ಮ ನವರಾತ್ರಿಗೆ ಬಂದೇ ಬಂದಳು. ರಾಣಿಯ ಎಡಗೆನ್ನೆ ಗೋಡೆ ಕಡೆ ತಿರುಗಿಸಿ ಕೂರಿಸಿದ್ದೆ. ಆರತಿ ಎತ್ತುವಾಗ ಅಮ್ಮ ನೋಡಿಯೇ ಬಿಟ್ಟಳು. ಬೈಯಲಿಲ್ಲ. ಎಲ್ಲರೂ ಹೋದ ಮೇಲೆ ರಾಜನ ಜರಿಪೇಟ ಮೆಲ್ಲಗೆ ತೆಗೆದು ತೋರಿಸಿದಳು. ತಲೆ ಹಿಂದೆ ಹೆಬ್ಬೆರಳಷ್ಟು ಜಾಗ ಬಣ್ಣವೇ ಇರಲಿಲ್ಲ. "ನನ್ನ ಕೈಯಲ್ಲೂ ಒಂದ್ಸಲ ಹೀಗೇ ಆಗಿತ್ತು ಕಣೇ. ನಿಮ್ಮಜ್ಜಿ ಇರೋವರೆಗೂ ಈ ಪೇಟ ಬಿಚ್ಚಲಿಲ್ಲ ನಾನು" ಅಂದಳು. ಇಬ್ಬರೂ ನಕ್ಕೆವು. ಆ ಸಲ ನಾಲ್ಕು ದಿನ ಕಾದು, ಬಿಸಿಲು ಬಂದ ದಿನ, ಅಮ್ಮನ ಹಳೇ ಕಾಟನ್ ಸೀರೆ ಹರಿದು ಇಬ್ಬರೂ ಕೂತು ಸುತ್ತಿದೆವು. ಈಗ ಅಮ್ಮ ಇಲ್ಲ. ಆ ಸೀರೆ ತುಂಡುಗಳು ಇವೆ, ಪ್ರತಿ ವರ್ಷ ಒಗೆದು ಒಣಗಿಸಿ ಅದರಲ್ಲೇ ಸುತ್ತುತ್ತೀನಿ. ರಾಣಿಯ ಕೆನ್ನೆ ಹಾಗೇ ಇದೆ, ಆದರೆ ಆ ಮೇಲೆ ಒಂದು ಚುಕ್ಕಿ ಬೂಷ್ಟು ಬಂದಿಲ್ಲ.

ಈ ಸಲ ನೀವೂ ಒಂದು ಗೊಂಬೆ ಮಲಗಿಸಿ, ಉಳಿದವನ್ನ ಬಿಸಿಲು ಬರೋವರೆಗೆ ಕಾಯಲು ಬಿಡಿ. ಮಗಳನ್ನೂ ಪಕ್ಕ ಕೂರಿಸಿಕೊಂಡು ಸುತ್ತಿ. ನಾಳೆ ಅವಳ ಮನೆಗೆ ಹೋಗೋ ಗೊಂಬೆ ತಾನೇ?

ನೆನಪಿರಲಿ

* ಪೆಟ್ಟಿಗೆ ಮುಚ್ಚೋ ಮುನ್ನ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ಪೆಟ್ಟಿಗೆ ಮೇಲೆ ನಂಬರ್, 'ಮೊದಲ ಮೆಟ್ಟಿಲು', 'ಮದುವೆ ಸೆಟ್' ಅಂತ ಚೀಟಿ ಅಂಟಿಸಿ. ಮುಂದಿನ ವರ್ಷ ಹುಡುಕಾಟ ಇಲ್ಲ.

* ಗೊಂಬೆ ಮುಟ್ಟೋ ಮುನ್ನ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಕೈಯ ಬೆವರು, ಎಣ್ಣೆಯೂ ಕಲೆ ಮಾಡುತ್ತೆ.

* ಪಾರ್ಕಿನ ಮಣ್ಣು, ಪೈರು, ಒದ್ದೆ ಮರಳನ್ನ ಎಲ್ಲಕ್ಕಿಂತ ಮೊದಲು ಮನೆಯಿಂದ ಆಚೆ ಹಾಕಿ.

* ಗೊಂಬೆ ಪೆಟ್ಟಿಗೆ ಮೇಲೆ ಹಾಸಿಗೆ, ಪಾತ್ರೆ, ಸೂಟ್‌ಕೇಸ್ ಹೇರಬೇಡಿ.

* ಪೆಟ್ಟಿಗೆ ತೆರೆದಾಗ ಮುಗ್ಗಲು ವಾಸನೆ ಬಂದರೆ ಬೂಷ್ಟು ಶುರುವಾಗಿದೆ ಅಂತ. ಅವತ್ತೇ ಎಲ್ಲ ಹೊರಗೆ ತೆಗೆದು ಗಾಳಿಗೆ ಇಡಿ.